ಗಿಲೀಟಿನ ಪೇರು

"ಗಿಲೀಟು ಅಂತ ಯಾವನ್ರೀ ಹೇಳಿದ್ದು?"

ಮೌನೇಶಾಚಾರಿ ಒರೆಗಲ್ಲನ್ನು ಬಾಗಿಲ ಬೆಳಕಿಗೆ ಹಿಡಿದ. ಕಲ್ಲಿನ ಮೇಲೆ ಎಳೆದ ಹಳದಿ ಗೆರೆಗೆ ಆಸಿಡ್ ಮುಟ್ಟಿಸಿ ಆಗಿತ್ತು. ಗೆರೆ ಹಾಗೇ ಇತ್ತು. ಹೆಸರಿನಲ್ಲಿ ಮೌನವನ್ನಿಟ್ಟುಕೊಂಡು ಚಳ್ಳಕೆರೆ ಪೇಟೆಯಲ್ಲೇ ಅತಿ ಹೆಚ್ಚು ಮಾತಾಡುವ ಅಕ್ಕಸಾಲಿ ಅವನು. ಅಂಥವನೇ ಗಳಿಗೆ ಹೊತ್ತು ಬಾಯಿ ಮುಚ್ಚಿಕೊಂಡು ನಿಂತನೆಂದರೆ ವಿಷಯ ಸಣ್ಣದಲ್ಲ.

"ಚಿನ್ನ ಕಣ್ರೀ ರೈಟರ್ರೇ. ಹಳೇ ಚಿನ್ನ. ಇದರಲ್ಲಿ ಒಂದು ಕಾಸಿಗೆ ಹಾಕಿರೋ ಬಂಗಾರದಾಗೆ ಈಗಿನೋರು ನಾಕು ಕಾಸು ಮಾಡಿ, ಮಿಕ್ಕಿದ್ದರಾಗೆ ಒಂದು ಮೂಗುಬಟ್ಟೂ ಮಾಡ್ತಾರೆ."

ಮೊಳಕಾಲ್ಮೂರಿನಲ್ಲಿ ದಾಕ್ಷಾಯಿಣಿಯ ತಂಗಿ ಮನೆಯಲ್ಲಿ ಹೋದ ವಾರ ಕಳುವಾಗಿದ್ದು ಗಿಲೀಟಿನ ಕಾಸಿನ ಸರ. ನಿನ್ನೆ ಅದೇ ಮನೆಯ ಸೀರೆ ಡಬ್ಬಿಯೊಳಗೆ ಸಿಕ್ಕಿ, ಇವತ್ತು ಆಚಾರಿಯ ಕೈಯಲ್ಲಿ ಚಿನ್ನವಾಗಿ ಕೂತಿತ್ತು.

ರೈಟರ್ ಕೊಟ್ಟೂರಪ್ಪ ಸರವನ್ನು ನೋಡಲಿಲ್ಲ. ಸರದ ಒಡತಿಯನ್ನು ನೋಡಿದ. ಪೊಲೀಸ್ ಠಾಣೆಗಳಲ್ಲಿ ಕೂತು ಊರಿನವರ ದೂರುಗಳನ್ನು ಬರೆದೂ ಬರೆದೂ ನಿವೃತ್ತನಾದವನು ಅವನು. ಕೆಲಸ ಬಿಟ್ಟರೂ ಜನ ರೈಟರ್ ಎಂದು ಕರೆಯುವುದನ್ನು ಬಿಟ್ಟಿಲ್ಲ. ಸುಳ್ಳನ್ನು ಅವನು ಮುಖದಲ್ಲಿ ಹುಡುಕುವವನಲ್ಲ, ಮಾತಿನಲ್ಲಿ ಹುಡುಕುವವನು. ನಿಜವಾಗಿ ಕಳಕೊಂಡವರು "ಹೋಯ್ತು ಸಾ" ಎಂದೇ ಬಾಯಿ ತೆರೆಯುತ್ತಾರೆ. ಸುಳ್ಳು ದೂರಿನವರು ಅವತ್ತಿನ ಬಿಸಿಲಿನಿಂದ ಶುರು ಮಾಡುತ್ತಾರೆ.

ದಾಕ್ಷಾಯಿಣಿ ಯಾವುದರಿಂದಲೂ ಶುರು ಮಾಡಲಿಲ್ಲ. ಎಣ್ಣೆ ಮಿಲ್ಲಿನ ಸಂಗಮೇಶರ ಹೆಂಡತಿ, ಐವತ್ತು ದಾಟಿದ ಗಟ್ಟಿ ಹೆಂಗಸು, ಬೆಂಚಿನ ತುದಿಯಲ್ಲಿ ಕೂತು ತೊಡೆಯ ಮೇಲಿನ ಕೈಚೀಲವನ್ನು ಎರಡೂ ಕೈಯಿಂದ ಹಿಡಿದಿದ್ದಳು. ಚೀಲದ ಜಿಪ್ಪಿನ ಮೇಲೆ ಬಿಳಿ ಪುಡಿ ಉದುರಿತ್ತು. ಬೆಳಗಿನ ಪೂಜೆ ಮುಗಿಸಿ ಬಂದವರ ವಿಭೂತಿ ಎಲ್ಲೆಲ್ಲೋ ಉದುರಿರುತ್ತದೆ. ಕೊಟ್ಟೂರಪ್ಪನ ಅಂಗಿಯ ಮೇಲೂ ಇತ್ತು.

"ಇನ್ನೊಂದು ಸಲ ತಿಕ್ಕಿ ತೋರಿಸ್ಲೇನಮ್ಮ?" ಎಂದ ಆಚಾರಿ.

"ಬ್ಯಾಡ."

ಗಿಲೀಟು ಚಿನ್ನವಾಯಿತು ಎಂದು ಹೇಳಿದರೆ ಯಾರಾದರೂ ಇನ್ನೊಂದು ಸಲ ತಿಕ್ಕಿಸುತ್ತಾರೆ. ಕೊಟ್ಟೂರಪ್ಪನಂಥವನೇ ನಾಲ್ಕು ಸಲ ತಿಕ್ಕಿಸುತ್ತಿದ್ದ. ಈ "ಬ್ಯಾಡ" ಅವನ ಕಿವಿಯೊಳಗೆ ಒಂದು ಕಡೆ ಸಿಕ್ಕಿಕೊಂಡಿತು.

ಬೆಳಗ್ಗೆ ಆಕೆ ಬಂದದ್ದು ಕೇಸು ಮುಗಿಯಿತು ಎಂದು ಹೇಳಲಿಕ್ಕೆ. "ಸರ ಸಿಕ್ತು ರೈಟರ್ರೇ. ಒಂದ್ಸಲ ನೋಡಿಬಿಡ್ರಿ, ಸಾಕು," ಎಂದು ಮೇಜಿನ ಮೇಲೆ ಇಟ್ಟಿದ್ದಳು. ಅವನು ನೋಡುವ ಬದಲು ಮೂಸಿದ್ದ. ಅಂಟುವಾಳದ ವಾಸನೆ. ಚಿನ್ನವನ್ನು ಅಂಟುವಾಳದ ನೊರೆಯಲ್ಲಿ ತೊಳೆಯುವುದು ಎಲ್ಲ ಮನೆಯಲ್ಲೂ ಇರುವುದೇ. ಗಿಲೀಟನ್ನು ಯಾವ ಹೆಂಗಸೂ ತೊಳೆಯುವುದಿಲ್ಲ. ತೊಳೆದರೆ ಅದು ಬೆವರಿನಲ್ಲಿ ಪೌಡರ್ ಕಳಕೊಂಡ ಬೀಗಿತ್ತಿಯ ಮುಖದ ಹಾಗಾಗುತ್ತದೆ. ಹಾಗಾಗಿಯೇ ಅವನು ಆಕೆಯನ್ನು ಆಚಾರಿಯ ಅಂಗಡಿಗೆ ಹೊರಡಿಸಿದ್ದು.

"ಹಂಗಾದ್ರೆ ಇದು ನಿಮ್ಮದಲ್ಲ ಅನ್ರಿ," ಎಂದ.

"ನಂದೇ ರೈಟರ್ರೇ. ಅದೇ ತೊಂದರೆ."

ಆಕೆ ಸರವನ್ನು ತಿರುಗಿಸಿ ನಡುವಿನ ಕಾಸನ್ನು ಬೆರಳಿನಿಂದ ಎತ್ತಿದಳು. ಕಾಸಿನ ಮೇಲಿನ ಲಕ್ಷ್ಮಿಗೆ ಮೂಗಿರಲಿಲ್ಲ. ಮೂಗಿದ್ದ ಕಡೆ ಎರಡು ಸಣ್ಣ ಗುಳಿ.

"ನಮ್ಮ ತಂಗಿ ಶೈಲಿಗೆ ಹಾಲುಹಲ್ಲು ಬರೋವಾಗ ಅವ್ವನ ಕತ್ತಿಗೆ ಜೋತುಬಿದ್ದು ಕಚ್ಚಿದ್ದು. ಅವ್ವ ಎಲ್ಲರಿಗೂ ತೋರಿಸಿ ನಗೋಳು, ನನ್ನ ಸಣ್ಣ ಮಗಳು ಲಕ್ಷ್ಮೀನೇ ತಿಂದಾಳೆ ಅಂತ. ಗಿಲೀಟು ಮಾಡಿದೋನು ಹಲ್ಲು ಮಾಡ್ಲಿಲ್ಲ. ಅದ್ರಾಗೆ ಲಕ್ಷ್ಮಿಗೆ ಚೆಂದಾದ ಮೂಗೈತೆ."

ಆಚಾರಿ ಕೆಮ್ಮಿ, ಚಹಾ ಹೇಳಿಬರುತ್ತೇನೆಂದು ಎದ್ದು ಹೋದ. ಹೋದವನು ಬಾಗಿಲ ಹೊರಗೇ ನಿಂತ.

ಹನ್ನೆರಡು ವರ್ಷದ ಹಿಂದೆ ಅವ್ವ ತೀರಿಕೊಂಡ ಮೇಲೆ ಸರ ದೊಡ್ಡ ಮಗಳಿಗೆ ಬಂತು. ಬಂದ ತಿಂಗಳಲ್ಲೇ ಸಂಗಮೇಶರ ಮಿಲ್ಲಿಗೆ ಎಣ್ಣೆ ಹಿಂಡುವ ಹೊಸ ಎಕ್ಸ್‌ಪೆಲ್ಲರ್ ಬೇಕಾಯಿತು. ಬಳ್ಳಾರಿಯಲ್ಲಿ ಸರ ಮಾರಿದೆ ಎಂದರು. ನೆಂಟರ ಬಾಯಿಗೆ ಬೀಳಬಾರದೆಂದು ಅಂಥದ್ದೇ ಗಿಲೀಟಿನ ಸರ ಮಾಡಿಸಿ ತಂದು ಹೆಂಡತಿಯ ಕತ್ತಿಗೆ ತಾವೇ ಹಾಕಿದರು. ಹೋದ ವಾರ ರೈಟರಿಗೆ ಹೇಳುವವರೆಗೆ ಗಂಡ ಹೆಂಡಿರನ್ನು ಬಿಟ್ಟು ಮೂರನೆಯವರಿಗೆ ಗೊತ್ತಿರಲಿಲ್ಲ.

"ಮೊದ್ಲು ಸೆರಗು ಮುಚ್ಕಂಡು ಕೂರ್ತಿದ್ದೆ," ಎಂದಳು ದಾಕ್ಷಾಯಿಣಿ. "ಆಮೇಲೆ ನೋಡಿದ್ರೆ ಯಾರಿಗೂ ಗೊತ್ತೇ ಆಗಲ್ಲ. ಮದುವೆ ಮನ್ಯಾಗೆ ಮುಟ್ಟಿ ಮುಟ್ಟಿ ನೋಡೋರು, ಹಳೇ ಕಾಲದ ಚಿನ್ನದ ಕಳೇನೇ ಬ್ಯಾರೆ ಅನ್ನೋರು. ನಗು ಬರೋದು. ಆದ್ರೆ ನಂಗೆ ಅದ್ರ ಮ್ಯಾಲೆ ಆಸೆ ಹುಟ್ಟಿದ್ದು ಅದಕ್ಕಲ್ಲ ರೈಟರ್ರೇ. ಅದನ್ನ ಹಾಕ್ಕಂಡಾಗೆಲ್ಲ ಮಿಲ್ಲಿನ ಮಷಿನ್ನಿನ ಸದ್ದು ಕೇಳಿಸಿದಂಗೆ ಆಗೋದು. ನಾನು ಕೊಟ್ಟಿದ್ದು ಅಲ್ಲಿ ಓಡ್ತಾ ಐತೆ ಅಂತ. ಅವ್ವನ ಸರ ಹಾಕ್ಕಂಡಾಗ ಕೂಡ ಅಷ್ಟು ಹೆಮ್ಮೆ ಆಗಿರ್ಲಿಲ್ಲ."

ಊರಿನ ಅರ್ಧ ಕತ್ತುಗಳಲ್ಲಿ ಇರುವುದು ಗಿಲೀಟೇ ಎಂದು ಕೊಟ್ಟೂರಪ್ಪನಿಗೆ ಗೊತ್ತಿತ್ತು. ಗಿಲೀಟಿನ ಮೇಲೆ ನಂಬಿಕೆಯನ್ನೂ ಎರಕ ಹೊಯ್ದು ಹಾಕಿಕೊಂಡವಳನ್ನು ನೋಡಿದ್ದು ಇದೇ ಮೊದಲು.

"ಈಗ ನನಗೆ ಒಂದೇ ಒಂದು ಹೇಳ್ರಿ," ಎಂದಳು. "ನಮ್ಮೋರು ಇದನ್ನ ಮಾರಿದ್ರೋ, ಮಾರ್ಲಿಲ್ಲೋ? ಸರ ಬ್ಯಾಡ. ಕಳ್ಳ ಬ್ಯಾಡ. ಅಷ್ಟು ಹೇಳ್ರಿ ಸಾಕು."

"ಕೇಳೋದು ಯಾರ್ನ? ನಿಮ್ಮ ಮನೆಯೋರ್ನೋ, ತಂಗೀನೋ?"

"ಡಬ್ಬಿಯಿಂದ ತೆಗ್ದು ಕೊಟ್ಟೋಳು ಶೈಲಿ."

"ಹಂಗಾದ್ರೆ ಮೊಳಕಾಲ್ಮೂರು," ಎಂದು ಅವನು ಎದ್ದ.

ಬಸ್ಸು ತಳಕು ದಾಟಿತು. ಕಿಟಕಿಯ ಆಚೆ ಕುರಿಮಂದೆ ರಸ್ತೆಯನ್ನು ತನ್ನದೆಂದು ತಿಳಿದು ನಿಂತಿತ್ತು. ಡ್ರೈವರು ಅದಕ್ಕೆ ಬೈಯುವಷ್ಟು ಹೊತ್ತು ಕೊಟ್ಟೂರಪ್ಪ ತನ್ನ ಕೇಸನ್ನು ತಿರುವಿ ಹಾಕಿದ.

ಕಳ್ಳನ ಬುದ್ಧಿಯೇ ಅವನಿಗೆ ಅರ್ಥವಾಗಿರಲಿಲ್ಲ. ತಂಗಿ ಶೈಲಜಾಳ ಮಗಳು ಆಶಾಳ ನಿಶ್ಚಿತಾರ್ಥದ ಬೆಳಗ್ಗೆ ದಾಕ್ಷಾಯಿಣಿ ಸ್ನಾನಕ್ಕೆ ಹೋದಳು. ಸರವನ್ನೂ ಚಿನ್ನದ ಬಳೆಗಳನ್ನೂ ಒಂದೇ ತಟ್ಟೆಯಲ್ಲಿ ಬಿಚ್ಚಿಟ್ಟಿದ್ದಳು. ಬಂದು ನೋಡಿದರೆ ಬಳೆ ಇದ್ದವು, ಸರ ಇರಲಿಲ್ಲವಂತೆ. ಚಿನ್ನ ಬಿಟ್ಟು ಗಿಲೀಟು ಕದ್ದ ಆ ಮಹಾನುಭಾವ ಯಾರು? ಮನೆಯವರು ಹೊರಗೆ ಹೋಗುವ ಚೀಲಗಳನ್ನೆಲ್ಲ ತಡಕಿದರು. ಅಡುಗೆಯ ಕೆಂಚಕ್ಕನ ಎಲೆಯಡಿಕೆ ಸಂಚಿಯನ್ನೂ ಬಿಡದೆ ಕಸಿದಿಟ್ಟುಕೊಂಡರು. ಪೊಲೀಸು ಬೇಡ ಎಂದವರು ಸಂಗಮೇಶರು. ಅದಕ್ಕೇ ದಾಕ್ಷಾಯಿಣಿ ರೈಟರನ್ನು ಹುಡುಕಿಕೊಂಡು ಬಂದದ್ದು.

ಆ ಸಂಚಿಯ ಸಿಟ್ಟಿಗೇ ಕೆಂಚಕ್ಕ ಅವನಿಗೆ ಒಂದು ಮಾತು ಹೇಳಿದ್ದಳು. ಕಳುವಾದ ದಿನ ಸಂಜೆ ಸಂಗಮೇಶರು ಹಿತ್ತಲಲ್ಲಿ ಶೈಲಜಾಳ ಗಂಡ ಮುರುಗೇಶನ ಜೊತೆ ತೆಲುಗಿನಲ್ಲಿ ಪಿಸುಗುಟ್ಟಿದ್ದರಂತೆ. ಮುರುಗೇಶನದು ರೇಷ್ಮೆ ಸೀರೆಯ ವ್ಯಾಪಾರ. ಆ ಮನೆಯಲ್ಲಿ ಅರ್ಧ ಮಾತು ಕನ್ನಡ, ಅರ್ಧ ತೆಲುಗು.

"ಏನಂದ್ರು ಕೆಂಚಕ್ಕ? ಇದ್ದಂಗೇ ಹೇಳು."

"'ಪೇರು ಬಯಟಿಕಿ ರಾಕೂಡದು' ಅಂದ್ರು ಸ್ವಾಮಿ. ಇದ್ದಂಗೇ ಹೇಳೀನಿ. ಇನ್ನು ನನ್ನ ಸಂಚಿ ಕೊಡಿಸ್ರಿ."

ಕೊಟ್ಟೂರಪ್ಪ ನಾಯಕನಹಟ್ಟಿ ಕಡೆಯವನು. ತೆಲುಗು ಬರುತ್ತಿತ್ತು, ಠಾಣೆಯಲ್ಲಿ ಬೇಕಾಗುವಷ್ಟು. ಪೇರು ಎಂದರೆ ಹೆಸರು. "ಹೆಸರು ಹೊರಗೆ ಬರಬಾರದು" ಎಂದು ಮನಸ್ಸಿನಲ್ಲೇ ಬರೆದುಕೊಂಡ. ಯಾರೋ ಮನೆಯವನೇ ಕದ್ದಿದ್ದಾನೆ, ಅವನ ಹೆಸರನ್ನು ಮುಚ್ಚುತ್ತಿದ್ದಾರೆ ಎಂದು ವಾರವೆಲ್ಲ ಆ ಹೆಸರಿನ ಹಿಂದೆ ಓಡಿದ. ಮುರುಗೇಶನ ತಮ್ಮ, ತಮ್ಮನ ಭಾಮೈದ, ಫೋಟೋದವನು, ವಾಲಗದವರು. ಊರಿನಲ್ಲಿ ಅವನು ಅನುಮಾನಿಸದೆ ಬಿಟ್ಟದ್ದು ಬಸವಣ್ಣನ ಗುಡಿಯ ಬಸವನನ್ನು ಮಾತ್ರ.

ಮೊಳಕಾಲ್ಮೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ದಾಕ್ಷಾಯಿಣಿ, "ಒಂದೀಟು ಹೂವು ಹಣ್ಣು ತಗಂತೀನಿ. ತಂಗಿ ಮನೆಗೆ ಬರಿಗೈಲಿ ಹೋಗಬಾರ್ದು," ಎಂದಳು.

ಜಗಳಕ್ಕೆ ಹೊರಟವಳು ಬಾಳೆಹಣ್ಣಿನ ಚಿಪ್ಪು ಆರಿಸುವುದನ್ನು ನೋಡುತ್ತ ನಿಲ್ಲುವ ಬದಲು ಕೊಟ್ಟೂರಪ್ಪ ಪಕ್ಕದ ಫ್ಯಾನ್ಸಿ ಸ್ಟೋರ್ ಹತ್ತಿದ. ಅಂಗಡಿಯ ಪಾತಮ್ಮ ಅವನಿಗೆ ಗೊತ್ತಿದ್ದವಳು. ಗೋಡೆಯ ತುಂಬ ಹಾರ, ಜುಮುಕಿ, ಡಾಬು, ವಂಕಿ. ಕಣ್ಣು ಕುಕ್ಕುವ ಬೆಳಕು. ನಿಜವಾದ ಚಿನ್ನದ ಅಂಗಡಿಯಲ್ಲಿ ಇಷ್ಟು ಬೆಳಕಿದ್ದದ್ದನ್ನು ಅವನು ನೋಡಿರಲಿಲ್ಲ.

"ಏನ್ರಿ ರೈಟರ್ರೇ, ಮನೆಯಮ್ಮಗೆ ಡಾಬು ತಗಂಡೋಗ್ತೀರಾ? ಮದುವೆ ಆದಾಗಿಂದ ಏನು ಕೊಡ್ಸೀರಿ ಅಂತ ಕೇಳ್ತಿದ್ರು."

"ಇದನ್ನ ಕೊಟ್ರೆ ನನ್ನೇ ಮನೆಯಿಂದ ಹೊರಗೆ ಹಾಕ್ತಾಳೆ. ಏನು ಕಂಡು ತಗಂತಾರೆ ಪಾತಮ್ಮ ಜನ ಇದನ್ನ?"

"ಏನು ಕಂಡಾ?" ಪಾತಮ್ಮ ಒಂದು ಹಾರ ಇಳಿಸಿ ತನ್ನ ಕತ್ತಿಗೇ ಹಿಡಿದಳು. "ಮದುವೆ ಮನ್ಯಾಗೆ ನೋಡ್ರಿ. ಚಿನ್ನ ಹಾಕ್ಕಂಡೋಳು ಊಟಕ್ಕೆ ಕೂತ್ರೂ ಕತ್ತು ಮುಟ್ಟಿ ಮುಟ್ಟಿ ನೋಡ್ಕಂತಾ ಇರ್ತಾಳೆ. ಗಿಲೀಟು ಹಾಕ್ಕಂಡೋಳು ಹೋಳಿಗೆ ಎರಡನೇ ಸಲ ಹಾಕಿಸ್ಕಂತಾಳೆ. ಇದು ಕಳೆದ್ರೆ ಕಣ್ಣೀರಿಲ್ಲ, ಇದಕ್ಕೆ ಅಣ್ಣತಮ್ಮ ಕೋರ್ಟಿಗೆ ಹೋಗಲ್ಲ, ಅತ್ತೆ ಸಾಯ್ಲಿ ಅಂತ ಯಾವ ಸೊಸೇನೂ ಕಾಯಲ್ಲ. ಚಿನ್ನಕ್ಕೆ ಇಷ್ಟು ಒಳ್ಳೇ ಗುಣ ಐತೇನ್ರಿ? ಡಬ್ಯಾಗೆ ಒಂದು ಚೂರು ಸೀಮೆಸುಣ್ಣ ಹಾಕಿಟ್ರೆ ಕಪ್ಪೂ ಆಗಲ್ಲ."

ಕೊಟ್ಟೂರಪ್ಪ ನಗುತ್ತಿರುವಾಗಲೇ ಗಡಿಯಾಚೆಯ ಹಳ್ಳಿಯ ಹೆಂಗಸೊಬ್ಬಳು ಅಂಗಡಿ ಹತ್ತಿದಳು.

"ಅಕ್ಕಾ, ಕಾಸುಲ ಪೇರು ಉಂದಾ?"

"ಉಂದಿ, ಉಂದಿ," ಎನ್ನುತ್ತ ಪಾತಮ್ಮ ಹಿಂದೆ ತಿರುಗಿ, ಲಕ್ಷ್ಮೀಕಾಸುಗಳ ಒಂದು ಸರವನ್ನು ಗಲ್ಲಾಪೆಟ್ಟಿಗೆಯ ಮೇಲೆ ಸುರಿದಳು.

ಕೊಟ್ಟೂರಪ್ಪನ ನಗು ಅಲ್ಲಿಗೇ ನಿಂತಿತು.

"ಇದಕ್ಕೇನಂತೀರಿ ಈ ಕಡೆ?"

"ಪೇರು. ಕಾಸುಲ ಪೇರು. ನಿಮ್ಮ ಕಡೆ ಕಾಸಿನ ಸರ ಅಂತೀರಲ್ಲ, ಅದೇ. ಯಾಕ್ರಿ, ಮಖ ಹಿಂಗಾಯ್ತು?"

ಎಷ್ಟು ದೂರುಗಳನ್ನು ತೆಲುಗಿನಿಂದ ಕನ್ನಡಕ್ಕೆ ಇಳಿಸಿದ್ದನೋ, ಅವುಗಳಲ್ಲಿ ಎಷ್ಟು ಜನ ಇಂಥ ಒಂದು ಮಾತಿಗೆ ಸಿಕ್ಕಿ ಕೋರ್ಟು ಅಲೆದರೋ, ಅವನಿಗೇ ಭಯವಾಯಿತು. ಸಂಗಮೇಶರು ಯಾರ ಹೆಸರನ್ನೂ ಮುಚ್ಚುತ್ತಿರಲಿಲ್ಲ. ಸರ ಹೊರಗೆ ಬರಬಾರದು ಎಂದಿದ್ದರು. ಅವತ್ತು ಕಳುವಾಗಿದ್ದ ಗಿಲೀಟಿನ ಸರ ಸಿಕ್ಕರೆ ಅವರಿಗೇನು ನಷ್ಟ? ಹೊರಗೆ ಬರಬಾರದಾಗಿದ್ದದ್ದು ಇನ್ನೊಂದು. ಅದು ಇಷ್ಟು ವರ್ಷವೂ ಈ ಊರಿನಲ್ಲೇ ಒಳಗಿತ್ತು.

ಹಿತ್ತಲ ಬಾಗಿಲಿನಲ್ಲಿ ಶೈಲಜಾ ಅಕ್ಕನ ಕೈಯ ಹೂವನ್ನು ಕಣ್ಣಿಗೊತ್ತಿಕೊಂಡು ಇಸಿದುಕೊಂಡಳು. ಮುಂದೆ ಸೀರೆ ಅಂಗಡಿ, ಹಿಂದೆ ಮನೆ. ನಡುವಿನ ಕೋಣೆಯಲ್ಲಿ ಮದುವೆಗೆಂದು ತೆಗೆದಿಟ್ಟ ಸೀರೆಗಳು ಹಗ್ಗದ ಮೇಲೆ ಪರದೆಯಂತೆ ತೂಗುತ್ತಿದ್ದವು.

"ಬಾ ಅಕ್ಕಾ. ಫೋನು ಮಾಡಿದ್ರೆ ಹೋಳಿಗೆ ಮಾಡ್ತಿದ್ನಲ್ಲ. ಸರ ಸಿಕ್ಕ ಮ್ಯಾಲೂ ರೈಟರ್ರು ಯಾಕೆ ಬಂದ್ರು?"

"ಹೋಳಿಗೆಗೇ ಬಂದೆ," ಎಂದ ಕೊಟ್ಟೂರಪ್ಪ. "ಶೈಲಜಮ್ನೋರೆ, ನಿಮ್ಮನ್ಯಾಗೆ ಅಂಟುವಾಳ ನೆನೆ ಹಾಕಿದ್ರಾ?"

ಶೈಲಜಾಳ ಕೈ ತಾನೇ ತಾನಾಗಿ ಬರಿ ಕತ್ತಿಗೆ ಹೋಯಿತು.

ದಾಕ್ಷಾಯಿಣಿ ಸರವನ್ನು ಚಾಪೆಯ ಮೇಲಿಟ್ಟಳು. ನಡುವಿನ ಕಾಸನ್ನು ಮೇಲೆ ಮಾಡಿ ಇಟ್ಟಳು.

"ನಿನ್ನ ಹಲ್ಲು ಶೈಲಿ."

ಶೈಲಜಾ ಹೂವು ಹಿಡಿದುಕೊಂಡೇ ಗೋಡೆಯ ಪಕ್ಕ ಕೂತಳು.

"ನೋಡಲ್ಲ ಅಂದ್ಕಂಡಿದ್ದೆ," ಎಂದಳು. "ಗಿಲೀಟು ಅಂದ್ಕಂಡೇ ಹಾಕ್ಕಂಡಿರ್ತೀಯಾ ಅಂದ್ಕಂಡಿದ್ದೆ. ಅವತ್ತು ನೀನು ಹೆಂಗೆ ಅತ್ತೆ ಅಕ್ಕಾ! ಒಂದು ಗಿಲೀಟು ಸರಕ್ಕೆ ಹಂಗೆ ಅಳ್ತಾಳಲ್ಲ, ಚಿನ್ನ ನನ್ನ ದೇವರ ಜಗಲಿ ಹಿಂದೆ ಕೂತೈತಲ್ಲ ಅಂತ ನನಗೆ ಅನ್ನ ಇಳೀಲಿಲ್ಲ. ಇವರೂ ಬ್ಯಾಡ ಅಂದ್ರು, ಭಾವನೂ ಬ್ಯಾಡ ಅಂದ್ರು. ತಡೀಲಾರ್ದೆ ಡಬ್ಯಾಗಿಟ್ಟು, ಸಿಕ್ತು ಅಂತ ಫೋನು ಮಾಡ್ದೆ."

"ಗಿಲೀಟು ಅಂತ ನಿನಗೆ ಹೆಂಗೆ ಗೊತ್ತು? ನನಗೂ ನಮ್ಮೋರಿಗೂ ಬಿಟ್ಟು ಯಾರಿಗೂ ಗೊತ್ತಿರ್ಲಿಲ್ಲ."

"ಚಿನ್ನ ನನ್ನ ಹತ್ರ ಇದ್ದಮ್ಯಾಲೆ ನಿನ್ನ ಕತ್ತಿನದು ಇನ್ನೇನು ಅಕ್ಕಾ?"

ಇದಕ್ಕಿಂತ ಚಿಕ್ಕದಾಗಿ ಯಾವ ತಪ್ಪೊಪ್ಪಿಗೆಯನ್ನೂ ಕೊಟ್ಟೂರಪ್ಪ ಬರೆದುಕೊಂಡಿರಲಿಲ್ಲ.

"ಹನ್ನೆರಡು ವರ್ಷ," ಎಂದಳು ದಾಕ್ಷಾಯಿಣಿ. "ಪ್ರತಿ ಮದುವ್ಯಾಗೂ ನನ್ನ ಪಕ್ಕದಾಗೆ ಕೂತಿದ್ಯಲ್ಲೇ. 'ಅಕ್ಕನ ಸರ ನೋಡ್ರಿ' ಅಂತ ನೀನೇ ತೋರಿಸ್ತಿದ್ದೆ."

"ನೀನು ಗಿಲೀಟು ಹಾಕ್ಕಂಡು ಮೆರೆದೆ. ನಾನು ಚಿನ್ನ ಇಟ್ಕಂಡು ಒಂದು ದಿನ ಹಾಕ್ಲಿಲ್ಲ. ವರಮಹಾಲಕ್ಷ್ಮಿ ದಿನ ಬಾಗಿಲು ಹಾಕ್ಕಂಡು ಕಳಶಕ್ಕೆ ಹಾಕ್ತಿದ್ದೆ, ಆರತಿ ಆದಮ್ಯಾಲೆ ಒಳಗಿಡ್ತಿದ್ದೆ. ಯಾರು ಶ್ರೀಮಂತರು ಹೇಳು ನಮ್ಮಿಬ್ಬರಾಗೆ? ಇವಾಗ ಆಶಾ ಮದುವೆಗೆ ಕರಗಿಸಿ ಬ್ಯಾರೆ ಮಾಡಿಸಾನ ಅಂದ್ರು ಇವರು. ಕೊನೇ ಸಲ ಅಂತ ತೊಳೆಯಕ್ಕೆ ಹಾಕಿದ್ದೆ. ಆ ಬೆಳಗ್ಗೇನೇ ನಿನ್ನ ಸರ ಹೋಯ್ತು. ಎಲ್ಲರ ಚೀಲ ತಡಕಕ್ಕೆ ಹತ್ತಿದ್ರು. ಇದನ್ನ ಹೊರಗೆ ಕಳಿಸಕ್ಕೇ ಆಗ್ಲಿಲ್ಲ." ಅವಳು ತಲೆ ಎತ್ತಿದಳು. "ಆದ್ರೆ ನಿನ್ನ ಗಿಲೀಟು ನಾನು ತಗಂಡಿಲ್ಲ. ಅವ್ವನಾಣೆ ಇಲ್ಲ. ಅದನ್ನ ಯಾರು ಕದ್ದರೋ ನನಗೆ ಗೊತ್ತಿಲ್ಲ."

ಕೊಟ್ಟೂರಪ್ಪನಿಗೆ ಗೊತ್ತಾಯಿತು.

ಎಲ್ಲರ ಚೀಲ ತಡಕಿದ್ದರು. ದೂರು ಕೊಟ್ಟವರ ಚೀಲವನ್ನು ಯಾರೂ ತಡಕುವುದಿಲ್ಲ. ಠಾಣೆಯಲ್ಲೂ ಅದೇ ಪದ್ಧತಿ. ಚಾಪೆಯ ಮೇಲೆ ದಾಕ್ಷಾಯಿಣಿಯ ಕೈಚೀಲವಿತ್ತು. ಜಿಪ್ಪಿನ ಮೇಲೆ ಬಿ‍ಳಿ ಪುಡಿಯಿತ್ತು. ಅವನು ಬೆರಳಿನಿಂದ ಒಂದಿಷ್ಟು ಒರೆಸಿ ಉಜ್ಜಿ ನೋಡಿದ. ವಿಭೂತಿಯ ನುಣುಪಿಲ್ಲ. ಶಾಲೆಯ ಕರಿಹಲಗೆಯ ತರಿತರಿ.

"ಅಮ್ಮಾ," ಎಂದ ಮೆಲ್ಲಗೆ, "ಸೀಮೆಸುಣ್ಣ ಹಾಕಿಟ್ರೆ ಕಪ್ಪಾಗಲ್ಲ ಅಂತಾರೆ. ಹೌದಾ?"

ದಾಕ್ಷಾಯಿಣಿ ಅವನನ್ನು ನೋಡಿದಳು. ಆಮೇಲೆ ಚೀಲ ತೆರೆದು, ತಗಡಿನ ಡಬ್ಬಿ ತೆಗೆದು, ಹತ್ತಿಯ ಮೇಲೆ ಮಲಗಿದ್ದ ಗಿಲೀಟಿನ ಸರವನ್ನು ಚಿನ್ನದ ಪಕ್ಕ ಇಟ್ಟಳು. ಎರಡರಲ್ಲಿ ಹೆಚ್ಚು ಹೊಳೆದದ್ದು ಅದೇ.

"ಸ್ನಾನಕ್ಕೆ ಹೋದಾಗ ಬಚ್ಚಲಾಗೆ ಬೋಗುಣಿ ಇತ್ತು," ಎಂದಳು. "ನೊರೆಯೊಳಗೆ ಏನೋ ಮಿಂಚ್ತು ಅಂತ ಎತ್ತಿ ನೋಡ್ದೆ. ಲಕ್ಷ್ಮಿಗೆ ಮೂಗಿರ್ಲಿಲ್ಲ."

"ನಾಟಕ ಆಡಿದ್ಯಾ ಅಕ್ಕಾ?" ಎಂದಳು ಶೈಲಜಾ. "ನನ್ನ ಮಗಳ ನಿಶ್ಚಿತಾರ್ಥದ ದಿನ? ಆ ಅಳು?"

"ಅಳು ನಾಟಕ ಅಲ್ಲ."

"ವಾರದಿಂದ ನನ್ನ ಓಡಿಸಿದ್ದು?" ಎಂದ ಕೊಟ್ಟೂರಪ್ಪ. ಎಷ್ಟೋ ಸುಳ್ಳು ದೂರುಗಳನ್ನು ಹಿಡಿದಿದ್ದ ಕಿವಿ ಇದೊಂದಕ್ಕೆ ಕಿವುಡಾಗಿತ್ತು. ಆಕೆ ಬಂದ ದಿನ "ಹೋಯ್ತು ರೈಟರ್ರೇ" ಎಂದೇ ಬಾಯಿ ತೆರೆದಿದ್ದಳು. ಏನು ಹೋಯಿತು ಎಂದು ಅವನು ಸರಿಯಾಗಿ ಕೇಳಬೇಕಿತ್ತು.

"ನಂದು ಕಳುವಾಯ್ತು ಅಂದ್ರೆ ಮನೆಯೆಲ್ಲ ಹುಡುಕ್ತಾರೆ, ಚಿನ್ನ ಹೊರಗೆ ಬರ್ತೈತೆ ಅಂದ್ಕಂಡೆ. ನಾನೇ ಹೇಳಿದ್ರೆ ಹೆಂಡ್ತಿ ಅನುಮಾನ ಅಂತಿದ್ರು. ನೀವು ಹೇಳಿದ್ರೆ ಪತ್ತೆ ಆಯ್ತು ಅಂತಾರೆ. ತಪ್ಪು ತಿಳೀಬ್ಯಾಡ್ರಿ." ಆಕೆ ತಂಗಿಯ ಕಡೆ ತಿರುಗಿದಳು. "ಈಗ ಹೇಳು. ನಿನ್ನ ಭಾವ ಇದನ್ನ ನಿಮಗೆ ಮಾರಿದ್ರಾ?"

ಶೈಲಜಾ ಹೂವನ್ನು ಚಾಪೆಯ ಮೇಲಿಟ್ಟಳು.

"ಇಲ್ಲ."

"ಮಾರ್ಲಿಲ್ವಾ?"

"ಒಂದು ರೂಪಾಯಿ ತಗಳ್ಳಿಲ್ಲ. ಅವರೇ ತಂದು ಕೈಲಿಟ್ಟು ಹೋದ್ರು."

ದಾಕ್ಷಾಯಿಣಿ ಗಿಲೀಟಿನ ಸರವನ್ನು ಎತ್ತಿಕೊಂಡಳು. ಬೆರಳುಗಳ ನಡುವೆ ಕಾಸುಗಳನ್ನು ಒಂದೊಂದಾಗಿ ಸರಿಸಿದಳು. ಯಾವ ಮಷಿನ್ನಿನ ಸದ್ದೂ ಕೇಳಿಸಲಿಲ್ಲವೆಂದು ಮುಖವೇ ಹೇಳುತ್ತಿತ್ತು.

"ಯಾಕೆ?"

"ಕೇಳಬ್ಯಾಡ ಅಕ್ಕಾ."

"ಯಾಕೆ ಶೈಲಿ? ನೀನು ಅವರಿಗೆ ಏನು?"

"ಥೂ, ಅದಲ್ಲ!" ಶೈಲಜಾಳ ಮುಖ ಕೆಂಪಾಯಿತು. "ಅಂಥದ್ದೇ ಆಗಿದ್ರೆ ಇಷ್ಟು ವರ್ಷ ನಿನ್ನ ಪಕ್ಕ ಕೂರ್ತಿರ್ಲಿಲ್ಲ." ಆಮೇಲೆ ದನಿ ಇಳಿಯಿತು. "ಅವ್ವ ತೀರಿಕೊಂಡಾಗ ನಿಮ್ಮ ಮನ್ಯಾಗೆ ಯಾರಿದ್ರು ಅಂತ ನಿನಗೆ ಹೇಳಿದ್ರು?"

"ಯಾರೂ ಇರ್ಲಿಲ್ಲ. ನಾನು ನಾಯಕನಹಟ್ಟಿಗೆ ಹೋಗಿದ್ದೆ, ಅವರು ಮಿಲ್ಲಾಗಿದ್ರು. ಅವ್ವ ಮಧ್ಯಾಹ್ನ ಮಲಗಿದೋಳು ಏಳ್ಲಿಲ್ಲ."

"ಅವತ್ತು ನಾನು ಹೇಳ್ದೆ ಕೇಳ್ದೆ ಬಸ್ಸತ್ತಿ ಬಂದಿದ್ದೆ ಅಕ್ಕಾ. ಭಾವ ಮಿಲ್ಲಾಗಿರ್ಲಿಲ್ಲ. ಅವ್ವನ ಕೋಣೆಯಿಂದ ಹೊರಗೆ ಬಂದ್ರು. ಅವರ ಹಿಂದೆ ಇನ್ನೊಬ್ಬರು ಬಂದ್ರು. ನಾನು ಕಂಡಿದ್ದನ್ನ ಹೇಳಬಾರ್ದು ಅಂತಾನೇ ಈ ಸರ."

ಕೊಟ್ಟೂರಪ್ಪ ಮುಂದೆ ಸರಿದ. "ಯಾರು?"

ಶೈಲಜಾ ಬಾಯಿ ತೆರೆದಳು. ಆಗಲೇ ಮುಂದಿನ ಅಂಗಡಿಯ ಎದುರು ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಹೆಂಡತಿ ಚಿನ್ನದ ಸರ ಕೊಟ್ಟುಬಿಟ್ಟ ಸುದ್ದಿಯನ್ನು ಮುರುಗೇಶ ಬೆಳಗ್ಗೆಯೇ ಸಂಗಮೇಶರಿಗೆ ಫೋನು ಮಾಡಿ ಹೇಳಿರಬೇಕು. ಅವಳು ಗಾಬರಿಯಿಂದ ಎದ್ದು, ತೂಗುಬಿದ್ದ ಸೀರೆಗಳನ್ನು ಸರಿಸಿಕೊಂಡು ಬಾಗಿಲಿಗೆ ಹೋದಳು. ಸೀರೆಗಳು ಅವಳ ಹಿಂದೆ ಮತ್ತೆ ಮುಚ್ಚಿಕೊಂಡವು.

ಹೆಜ್ಜೆಯ ಸದ್ದು ಹತ್ತಿರ ಬಂದು ನಿಂತಿತು. ಹಿತ್ತಲ ಬಾಗಿಲಿನಿಂದ ಬಂದಿದ್ದರೆ ಸಂಗಮೇಶರಿಗೆ ಅಲ್ಲಿ ಬಿಟ್ಟಿದ್ದ ಹೆಂಡತಿಯ ಚಪ್ಪಲಿ ಕಾಣುತ್ತಿದ್ದವು. ಅಂಗಡಿಯ ಕಡೆಯಿಂದ ಬಂದದ್ದರಿಂದ ಅವರಿಗೆ ಕಂಡದ್ದು ಶೈಲಜಾ ಒಬ್ಬಳೇ.

ಅವರು ದನಿ ತಗ್ಗಿಸಿ, ಆ ಮನೆಯ ಇನ್ನೊಂದು ಭಾಷೆಯಲ್ಲಿ ಕೇಳಿದರು.

"ಪೇರು ಚೆಪ್ಪಾವಾ?"

ಪರದೆಯ ಈಚೆ ದಾಕ್ಷಾಯಿಣಿ ಗಿಲೀಟಿನ ಕಾಸುಗಳನ್ನು ಸದ್ದಾಗದಂತೆ ಮುಷ್ಟಿಯಲ್ಲಿ ಹಿಡಿದಳು. ಕೊಟ್ಟೂರಪ್ಪ ಈ ಸಲ ಆತುರಪಡದೆ ಕನ್ನಡಕ್ಕೆ ಇಳಿಸಿದ. ಪೇರು ಹೇಳಿದೆಯಾ, ಎಂದು ಕೇಳಿದ್ದರು. ಸರವನ್ನು ಕೊಡಬಹುದು, ಮುಚ್ಚಿಡಬಹುದು, ಕರಗಿಸಬಹುದು. ಯಾರೂ ಅದನ್ನು ಹೇಳುವುದಿಲ್ಲ.

ಹೇಳುವುದು ಹೆಸರನ್ನು.